ಬಿಸಿ ತಾಗದ ಕೈ

ನವೆಂಬರ್ 4, ಮಂಗಳವಾರ

ಇವತ್ತು ಕಡ್ಡಿರಾಂಪುರದ ನಮ್ಮ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಪಿಗೆ ಹೋಗುವ ಆಂಧ್ರದ ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತವು. ಕೆಲವರಿಗೆ ಪೂರಿ ಬೇಕು, ಕೆಲವರಿಗೆ ಮಸಾಲೆ ದೋಸೆ. ಎರಡಕ್ಕೂ ಆಲೂಗಡ್ಡೆ ಪಲ್ಯ ಬೇಕು, ಪಲ್ಯ ಮುಗಿದಿತ್ತು. ಗಡ್ಡೆಯ ಪಾತ್ರೆ ಆಗಷ್ಟೇ ಒಲೆಯಿಂದ ಇಳಿದಿತ್ತು.

ನಮ್ಮಲ್ಲಿ ಮಿರ್ಚಿ ಕರಿಯುವ ತಾಯಕ್ಕ ಗಡ್ಡೆಗಳನ್ನು ಮೊರಕ್ಕೆ ಸುರಿದು ಆರಲಿ ಎಂದು ಕಾಯುತ್ತಿದ್ದಳು. ನಾನು ಕಾಯಲಿಲ್ಲ. ಒಂದೊಂದೇ ಎತ್ತಿ ಸುಲಿದೆ. ಗಡ್ಡೆ ಹಸಿ ಇದ್ದಾಗಲೇ ಅದರ ನಡುವಿಗೆ ಚಾಕುವಿನಿಂದ ಸುತ್ತ ಒಂದು ತೆಳ್ಳನೆಯ ಗೆರೆ ಕೊಯ್ದು ಬೇಯಿಸಬೇಕು. ಬೆಂದ ಮೇಲೆ ಎರಡು ಕಡೆಯಿಂದ ಹಿಡಿದು ಎಳೆದರೆ ಸಿಪ್ಪೆ ಟೋಪಿಯ ಹಾಗೆ ಕಳಚಿ ಬರುತ್ತದೆ. ಇದು ಮೆಟ್ರಿಯ ತವರಿನಲ್ಲಿ ಅಮ್ಮ ಕಲಿಸಿದ್ದು. ಅಮ್ಮ ತಣ್ಣೀರಿನಲ್ಲಿ ಅದ್ದಿ ಸುಲಿಯುತ್ತಿದ್ದಳು. ನೀರು ಕುಡಿದ ಗಡ್ಡೆ ಬೋಂಡಾಕ್ಕೆ ಬರುವುದಿಲ್ಲ, ಎಣ್ಣೆಯಲ್ಲಿ ಒಡೆಯುತ್ತದೆ. ಅದಕ್ಕೇ ನಾನು ಬಿಸಿಬಿಸಿಯಾಗಿಯೇ ಸುಲಿಯುತ್ತೇನೆ.

"ಕೈ ಐತೋ ಕಟ್ಟಿಗಿ ಐತೋ ಗಂಗಮ್ಮ ನಿಂದು?" ಎಂದಳು ತಾಯಕ್ಕ. ಗಿರಾಕಿಗಳೂ ನಕ್ಕರು. ಒಬ್ಬಾಕೆ ಎದ್ದು ಬಂದು ನಿಂತು ನೋಡಿದಳು.

ಮೊದಮೊದಲು ಹೀಗಿರಲಿಲ್ಲ. ಹೋದ ವರ್ಷ ನಾನೂ ಊದಿ ಊದಿ ಸುಲಿಯುತ್ತಿದ್ದೆ. ರೂಢಿಯಾದರೆ ಎಲ್ಲವೂ ಸಲೀಸು.

ನವೆಂಬರ್ 9, ಭಾನುವಾರ

ಕನಕರಾಜ್ ಬಂದಿದ್ದ. ನಮ್ಮ ಯಜಮಾನರ ಗೆಳೆಯ, ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಊರೂರಿನ ತಿಂಡಿ ತೋರಿಸುವ ವಿಡಿಯೋ ಮಾಡಿ ಹಾಕುತ್ತಾನೆ.

"ಅಕ್ಕಾ, ಪಾತ್ರಿಯಾಗಿಂದ ಸೀದಾ ಕೈಲೇ ಎತ್ರಿ. ಹೊಗಿ ಕಾಣಬೇಕು," ಎಂದು ಫೋನು ಹಿಡಿದ. ಕುದಿಯುತ್ತಿದ್ದ ನೀರಿನಿಂದಲೇ ಎತ್ತಿದೆ. ಸುಲಿದು ಬಟ್ಟಲಿಗೆ ಹಾಕಿದೆ, ಮತ್ತೊಂದು ಎತ್ತಿದೆ. ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಯಜಮಾನರು ಸಿದ್ದಲಿಂಗೇಶ್ ಹಿಂದೆ ನಿಂತು, "ನಮ್ಮ ಮನ್ಯಾಕಿ ಅಂದ್ರ ಏನಂದ್ಕೊಂಡಿ!" ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಮಂದಿಯ ಮುಂದೆ ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ.

'ಮನೆಯಲ್ಲೇ ಆಲೂಗಡ್ಡೆ ಸಿಪ್ಪೆ ತೆಗೆಯುವ ಸುಲಭ ವಿಧಾನ' ಎಂದು ಹೆಸರಿಟ್ಟಿದ್ದಾನೆ. ನಾನು ಎರಡು ಸಲ ನೋಡಿದೆ. ಮಗಳು ಐಶ್ವರ್ಯ ಎಷ್ಟು ಸಲ ನೋಡಿದಳೋ.

ನವೆಂಬರ್ 17

ಮಧ್ಯಾಹ್ನ ಕೂದಲು ಸುಟ್ಟ ಹಾಗೆ ವಾಸನೆ ಬಂತು. ಒಲೆಯ ಕೆಳಗೆ ಏನಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡಿದೆ. ತಾಯಕ್ಕ ಒಮ್ಮೆಲೇ ಚೀರಿ ನನ್ನ ಕೈ ಹಿಡಿದು ಎಳೆದಳು. ಎಡ ಮುಂಗೈ ದೋಸೆ ಹಂಚಿನ ಅಂಚಿಗೆ ಒರಗಿಕೊಂಡಿತ್ತು. ಗಿರಾಕಿಗೆ ಚಿಲ್ಲರೆ ಹುಡುಕುತ್ತಾ ನಾನು ಗಮನಿಸಿರಲಿಲ್ಲ.

ಅರಿಶಿನ ಹಚ್ಚಿದೆ. ಬೊಬ್ಬೆ ದೊಡ್ಡದು, ಆದರೆ ನೋವು ಅಷ್ಟೇನಿಲ್ಲ. ಅದೇ ಕೈಯ ಮೊಳಕೈ ಹತ್ತಿರ ಒಂದು ಕಡೆ ಬಣ್ಣ ಬಿಳಿಚಿಕೊಂಡಿದೆ. ದಿನವಿಡೀ ಒಲೆಯ ಝಳದ ಮುಂದೆ ನಿಂತವಳ ಚರ್ಮ ಇನ್ನು ಹೇಗಿದ್ದೀತು.

ತಾಯಕ್ಕ ಯಾಕೋ ದಿನವೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದಳು. ಕೆಲಸ ನೋಡು ಎಂದು ಗದರಿದೆ.

ನವೆಂಬರ್ 26, ಬುಧವಾರ

ಜನ ಹುಡುಕಿಕೊಂಡು ಬರುತ್ತಿದ್ದಾರೆ. 'ಬಿಸಿ ಆಲೂ ಅಕ್ಕ' ಎಲ್ಲಿ ಎಂದು ಕೇಳುತ್ತಾರೆ. ಯಜಮಾನರು ಒಲೆಯನ್ನು ರಸ್ತೆಯ ಕಡೆಗೆ ಹಾಕಿಸಿದ್ದಾರೆ, ಹೋಗುವ ಬರುವವರಿಗೆ ಕಾಣಲಿ ಎಂದು.

ಅತ್ತೆ ಮರುಳಸಿದ್ದಮ್ಮ ಇವತ್ತು ಹೋಟೆಲಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಬಂದವರಿಗೆಲ್ಲ ಒಂದೇ ಮಾತು: "ಮನಿದೇವ್ರು ಕೊಟ್ರೇಶನ ವರ ಐತ್ರಿ ನಮ್ಮ ಸೊಸಿ ಕೈಯಾಗ. ಬೆಂಕಿ ಸೈತ ಅಂಜತೈತಿ."

ಕಂಪ್ಲಿಯಿಂದ ಬಂದಿದ್ದ ಒಬ್ಬಾಕೆ ಅದನ್ನು ಕೇಳಿ, ಜ್ವರದಿಂದ ಮಲಗಿದ್ದ ಕೂಸನ್ನು ನನ್ನ ಮುಂದೆ ಹಿಡಿದಳು. "ಹಣಿ ಮುಟ್ರಿ ಅವ್ವಾ." ಮುಟ್ಟಿದೆ. ಕೂಸಿಗೆ ಜ್ವರ ಎಷ್ಟಿತ್ತೋ ನನಗೆ ತಿಳಿಯಲಿಲ್ಲ. ಬಿಸಿ ಇಲ್ಲವೇ ಇಲ್ಲ ಎನಿಸಿತು. ಹಾಗೇ ಹೇಳಿದೆ. ಆಕೆ ಕೈಮುಗಿದು ಹೋದಳು.

ಕೂಸಿನ ತುಟಿಗಳು ಒಣಗಿ ಬಿರಿದಿದ್ದವು. ಅದು ಯಾಕೋ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಡಿಸೆಂಬರ್ 5

ತಾಳಿ ಸರದ ಕೊಂಡಿ ಹಾಕಿಕೊಳ್ಳಲು ಬರುತ್ತಿಲ್ಲ. ಮಗಳು ಐಶು ಹಾಕಿಕೊಟ್ಟಳು. ಬಲಗೈಯ ಕಿರುಬೆರಳು ಮಡಚಿಕೊಂಡೇ ಇರುತ್ತದೆ. ಹಿಟ್ಟಿನ ಚೀಲ ಎತ್ತಿ ಎತ್ತಿ ಹೀಗಾಗಿದೆ.

ಕನಕರಾಜನ ವಿಡಿಯೋ ಕೆಳಗೆ ಯಾರೋ ಬರೆದಿದ್ದರಂತೆ: ಅಕ್ಕನ ಕಿರುಬೆರಳು ಯಾಕೆ ಹಾಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ. ಐಶು ಅದನ್ನು ಓದಿ ಹೇಳಿದಳು. ಸಂಜೆ ಕನಕರಾಜನಿಗೆ ಕೇಳಿದರೆ, "ಅಂಥವು ಇಡಬಾರ್ದು ಅಕ್ಕಾ. ತಗದು ಹಾಕೀನಿ," ಎಂದ. ಯಜಮಾನರು, "ಹೊಟ್ಟಿಕಿಚ್ಚು ಮಂದಿಗೆ," ಎಂದು ನಕ್ಕರು. ನಾನೂ ನಕ್ಕೆ.

ಡಿಸೆಂಬರ್ 14, ಭಾನುವಾರ

ಹಂಪಿ ಹತ್ತಿರದ ಒಂದು ರೆಸಾರ್ಟಿನವರು ಕರೆದಿದ್ದಾರೆ. ವರ್ಷದ ಕೊನೆಯ ದಿನ ಅಲ್ಲಿಗೆ ಬರುವವರ ಮುಂದೆ ನಾನು ಕುದಿಯುವ ಪಾತ್ರೆಯಿಂದ ಗಡ್ಡೆ ಎತ್ತಿ ಸುಲಿಯಬೇಕು. ಯಜಮಾನರು ಕೇಳಿದ ಕೂಡಲೇ ಒಪ್ಪಿಬಿಟ್ಟಿದ್ದಾರೆ.

"ನೀರಾಗಿಂದ ಎತ್ತೋದು ಎಲ್ಲಾರೂ ನೋಡ್ಯಾರ," ಎಂದರು. "ಎಣ್ಣಿಯಾಗಿಂದ ಆಗ್ತದೇನು ನೋಡು ಗಂಗಾ."

ತಾಯಕ್ಕ ಮಿರ್ಚಿ ಎತ್ತುವ ಜಾರೆ ಕೆಳಗಿಟ್ಟು, "ಬ್ಯಾಡ್ರಿ ಸಾವ್ಕಾರ್ರೆ," ಎಂದಳು. "ಸುಡೋದು ಸುಡಬೇಕು. ಸುಡಂಗಿಲ್ಲ ಅಂದ್ರ ಅದು ಚಲೋ ಅಲ್ಲ."

"ನಿನಗೇನ್ ಗೊತ್ತೈತಿ? ಸುಮ್ನಿರು," ಎಂದರು ಅವರು.

ಸುಮ್ಮನೆ ಒಂದು ಬೋಂಡಾ ಎತ್ತಿದೆ. ಎರಡು ಬೆರಳು ಎಣ್ಣೆಯೊಳಗೆ ಹೋಗಿ ಬಂದವು. ಏನೂ ಆಗಲಿಲ್ಲ. ನಿಂತವರು ಚಪ್ಪಾಳೆ ತಟ್ಟಿದರು. ಸಂಜೆ ನೋಡಿದರೆ ಬೆರಳ ತುದಿಯ ಚರ್ಮ ಬೆಂದ ಗಡ್ಡೆಯ ಸಿಪ್ಪೆಯ ಹಾಗೆ ಸಡಿಲವಾಗಿ ಜಾರುತ್ತಿತ್ತು. ಬಟ್ಟೆ ಸುತ್ತಿದ್ದೇನೆ. ಅದಕ್ಕೇ ಇವತ್ತು ಅಕ್ಷರ ನೆಟ್ಟಗೆ ಬಂದಿಲ್ಲ.

ತಾಯಕ್ಕ ನಾಳೆಯಿಂದ ಬರುವುದಿಲ್ಲವಂತೆ. ಬಂಡ್ರಿಗೆ ಹೋಗುತ್ತಾಳಂತೆ, ತಮ್ಮನ ಮನೆಗೆ. ಹೋಗಲಿ.

ಡಿಸೆಂಬರ್ 21, ಭಾನುವಾರ

ಬರೆಯದಿದ್ದರೆ ತಲೆ ಒಡೆದೀತು.

ಶಾಲೆಗೆ ರಜೆ ಎಂದು ಐಶು ಹೋಟೆಲಿನಲ್ಲಿದ್ದಳು. ಪ್ರವಾಸದ ಬಸ್ಸು ಬಂದಿತ್ತು, ನಾನು ಹೊರಗೆ ಎಲೆ ಹಾಕುತ್ತಿದ್ದೆ. ಒಳಗಿನಿಂದ ಕೂಗು ಕೇಳಿತು. ಅದು ನನ್ನ ಮಗಳ ದನಿ ಎಂದು ಗೊತ್ತಾಗಲೇ ಇಲ್ಲ, ಅಂಥ ಕೂಗು.

ಅಪ್ಪನ ಫೋನನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು. ಕುದಿಯುವ ಪಾತ್ರೆಗೆ ಕೈ ಹಾಕಿ ಗಡ್ಡೆ ಎತ್ತಿ, ನನ್ನ ಹಾಗೆಯೇ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದಾಳೆ. ಗಡ್ಡೆ ಒಡೆದು ಬೆಂದ ತಿರುಳು ಅಂಗೈಗೆ ಅಂಟಿಕೊಂಡಿದೆ. ಕೊಡವಿದರೂ ಬೀಳಲಿಲ್ಲವಂತೆ. ನಾನು ಓಡಿ ಹೋಗಿ ನೀರು ಸುರಿದೆ. ಬೆರಳುಗಳ ನಡುವೆ ಚರ್ಮ ಎದ್ದು ಬಂದಿತ್ತು.

ಯಜಮಾನರ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಬಿಕ್ಕುತ್ತಾ ಒಂದೇ ಮಾತು: "ನನಗೂ ವರ ಐತೇನೋ ಅಂತ ನೋಡಿದೆ ಅಮ್ಮಾ."

ನರ್ಸಮ್ಮ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ಐಶು ಅಳುತ್ತಾ ನನ್ನ ಕೈ ಹಿಡಿಯಲು ಬಂದಳು. ಆಗ ನರ್ಸಮ್ಮನ ಕಣ್ಣು ನನ್ನ ಬೆರಳ ಮೇಲೆ ಬಿತ್ತು. ಸುತ್ತಿದ ಬಟ್ಟೆ ಬಿಚ್ಚಿಸಿದರು. ಕಿರುಬೆರಳು ಬಿಡಿಸಿ ನೋಡಿದರು, ಅದು ಮತ್ತೆ ಮಡಚಿಕೊಂಡಿತು. ಡಾಕ್ಟರನ್ನು ಕರೆದರು. ಅವರು ಮುಂಗೈಯ ಗಾಯ ನೋಡಿದರು, ಆ ಬಿಳಿಚಿದ ಜಾಗ ನೋಡಿದರು.

"ಇದು ಯಾವಾಗಿಂದ ಐತಮ್ಮಾ?"

"ಒಲೆ ಝಳ ರೀ. ಮಗಳನ್ನ ನೋಡ್ರಿ ನೀವು," ಎಂದೆ.

"ಮಗಳು ಅಳ್ತಾಳಲ್ಲ, ಅದು ಒಳ್ಳೇದು," ಎಂದರು ಡಾಕ್ಟರು. "ಆಕಿ ವಾಸಿ ಆಗ್ತಾಳ. ನೀವು ನಾಳೆ ಬರ್ಲೇಬೇಕು, ಚರ್ಮದ ಡಾಕ್ಟರ್ ಹತ್ರ."

ಮಗು ಅಳುವುದು ಒಳ್ಳೆಯದು ಎಂದರೆ ಏನರ್ಥ?

ಡಿಸೆಂಬರ್ 22

ಕಣ್ಣು ಮುಚ್ಚಿಸಿದರು. ಹತ್ತಿಯಿಂದ ಮುಟ್ಟುತ್ತೇನೆ, ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸು ಎಂದರು. ನಾನು ಕಾಯುತ್ತಾ ಕುಳಿತೆ. ಇನ್ನೂ ಶುರು ಮಾಡಿಲ್ಲ ಎಂದೇ ಅಂದುಕೊಂಡಿದ್ದೆ. ಕಣ್ಣು ಬಿಡು ಎಂದಾಗ ನೋಡಿದರೆ ಹತ್ತಿ ನನ್ನ ಅಂಗೈ ಮೇಲೇ ಇತ್ತು.

ಮೊಳಕೈ ಒಳಗಿನ ನರ ಒತ್ತಿ ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು. ಕುಷ್ಠ.

ಹೆದರಬೇಡಿ, ಪೂರ್ತಿ ವಾಸಿಯಾಗುತ್ತದೆ ಎಂದರು. ವರ್ಷದ ಮಟ್ಟಿಗೆ ಗುಳಿಗೆ, ಅದೂ ಬಿಟ್ಟಿ. ಗುಳಿಗೆ ಶುರುವಾದ ಮೇಲೆ ಮತ್ತೊಬ್ಬರಿಗೆ ಹತ್ತುವುದಿಲ್ಲ. "ಆದ್ರ ಸತ್ತ ಸ್ಪರ್ಶ ತಿರುಗಿ ಬರ್ತದೋ ಇಲ್ಲೋ, ಆ ಮಾತು ನಾನು ಕೊಡಂಗಿಲ್ಲ. ಮೊದ್ಲೇ ಬರಬೇಕಿತ್ತು." ಮೊದಲ ಗುಳಿಗೆಗಳನ್ನು ಅವರ ಎದುರಿಗೇ ನುಂಗಿದೆ. ಮನೆಯವರೆಲ್ಲರನ್ನೂ ಪರೀಕ್ಷೆ ಮಾಡಿಸಬೇಕಂತೆ.

ಯಾರಿಂದ ಬಂತು ಎಂದು ಕೇಳಿದೆ. ಬಹಳ ವರ್ಷ ಜೊತೆಗಿದ್ದವರಿಂದಲೇ ಹೆಚ್ಚಾಗಿ ಬರುವುದು, ಆದರೆ ಇಂಥವರಿಂದಲೇ ಎಂದು ಹೇಳಲಾಗದು ಎಂದರು.

ಡಿಸೆಂಬರ್ 24

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 26, ಶುಕ್ರವಾರ

ಯಜಮಾನರಿಗೆ ಹೇಳಿದೆ. ಗೋಡೆಗೆ ಒರಗಿ ಕುಳಿತರು.

"ಯಾರಿಗೂ ಹೇಳಿಲ್ಲ ಹೌದಿಲ್ಲೋ? ಹೋಟ್ಲು ಬಂದ್ ಆಗ್ತದ ಗಂಗಾ. ಗುಳಿಗಿ ಜನವರಿಯಿಂದ ಶುರು ಮಾಡಿದ್ರಾತು. ರೆಸಾರ್ಟ್ ಮುಗೀಲಿ."

"ಯಾಕ್ರಿ?"

"ಗುಳಿಗಿ ತಗೊಂಡು ನಡುವ ಸುಡಾಕ ಶುರುವಾದ್ರ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ನಯವಾಗಿ, ನನ್ನ ಒಳ್ಳೆಯದಕ್ಕೇ ಎನ್ನುವ ಹಾಗೆ ಹೇಳಿದರು. ಕೈ ಸುಟ್ಟರೆ ಸಾಕಪ್ಪಾ ಎಂದು ನಾನು ಬೇಡಿಕೊಳ್ಳುತ್ತಿರುವಾಗ ಅವರಿಗೆ ಸುಡುವುದೇ ಭಯ.

"ಆಗ್ಲೇ ತಗೊಂಡೀನ್ರಿ," ಎಂದೆ.

ಪಕ್ಕದ ಕೋಣೆಯಲ್ಲಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ. ಐಶುವನ್ನು ಎಬ್ಬಿಸಿ ಕರೆದೊಯ್ದರು. "ಇನ್ಮ್ಯಾಲೆ ಹುಡುಗಿ ನನ್ನ ಹತ್ರ ಮಲಗ್ಲಿ. ದೊಡ್ಡ ರೋಗ ಅದು."

ಮೊನ್ನೆಯವರೆಗೂ ವರ ಎಂದಿದ್ದರು.

ಡಿಸೆಂಬರ್ 31

ಬೆಳಿಗ್ಗೆ ಕನಕರಾಜ್ ಕಾರು ತಂದು ನಿಲ್ಲಿಸಿದ. ಯಜಮಾನರು ಹೊಸ ಸೀರೆ ತಂದಿದ್ದರು, ಬೆಂಕಿಯ ಬಣ್ಣದ್ದು. ತಾಸುಗಟ್ಟಲೆ ಓಲೈಸಿದರು. ಬೆರಳಿಗೆ ಸುತ್ತಿದ ಬಟ್ಟೆಯನ್ನು ತಾವೇ ಬಿಚ್ಚಲು ಬಂದರು.

ಐಶು ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈ ಬಿಳಿ ಬಟ್ಟೆಯಲ್ಲಿ. ಅವಳಿಗೆ ಊಟ ನಾನು ತಿನ್ನಿಸುವಂತಿಲ್ಲ. ಅಜ್ಜಿ ತಿನ್ನಿಸುತ್ತಾರೆ. ನಾನು ದೂರದಿಂದ ನೋಡುತ್ತೇನೆ.

"ನಾನು ಬರಂಗಿಲ್ರಿ."

"ಮಂದಿ ಕಾಯ್ತಾರಲೇ!"

"ಆ ವಿಡಿಯೋ ತಗಸ್ರಿ ಮೊದ್ಲು. ಇನ್ನೊಬ್ಬರ ಮಕ್ಕಳು ಪಾತ್ರಿಗೆ ಕೈ ಹಾಕೋಕ್ಕಿಂತ ಮೊದ್ಲು ತಗಸ್ರಿ. ತಗೀಲಿಲ್ಲ ಅಂದ್ರ ನಾನೇ ಹೋಟ್ಲು ಮುಂದ ನಿಂತು ನನ್ನ ಬ್ಯಾನಿ ಹೆಸರು ಹೇಳ್ತೀನಿ."

ಕನಕರಾಜ್ ಯಾವ ಬೇನೆ ಎಂದು ಕೇಳಿದ. ಅವನು ನನ್ನ ಕೈ ನೋಡಿದ, ಕಿರುಬೆರಳು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಯಜಮಾನರು ಮೈ ಹುಷಾರಿಲ್ಲ ಎಂದು ಹೇಳಿಬರಲು ಒಬ್ಬರೇ ಹೋದರು.

ಕನಕರಾಜ್ ವಿಡಿಯೋ ತೆಗೆದುಹಾಕಿದ್ದಾನೆ. ಆದರೆ ಬೇರೆಯವರು ಎತ್ತಿ ಹಾಕಿಕೊಂಡಿದ್ದು ಎಷ್ಟು ಕಡೆ ಇದೆಯೋ, ಐಶುವಿನ ಗೆಳತಿಯರ ಫೋನಿನಲ್ಲಿ ಇನ್ನೂ ಬರುತ್ತಿದೆಯಂತೆ.

ಜನವರಿ 5, ಸೋಮವಾರ

ನನ್ನ ತಟ್ಟೆ, ಲೋಟ ಬೇರೆ ಮಾಡಿದ್ದಾರೆ. ನಾನು ತೊಳೆದಿಟ್ಟ ಪಾತ್ರೆಯನ್ನು ಅತ್ತೆ ಮತ್ತೆ ಬೂದಿ ಹಾಕಿ ತಿಕ್ಕುತ್ತಾರೆ. ಗುಳಿಗೆ ಬಿಟ್ಟಿಲ್ಲ. ಮೈ ಬಣ್ಣ ಕಪ್ಪಾಗುತ್ತಿದೆ, ಹಾಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಆಶಾ ಕಾರ್ಯಕರ್ತೆ ಸುಕನ್ಯಾ ಬಂದಿದ್ದರು. ಹೊರಗೆ ಕೇಳದ ಹಾಗೆ ಒಳಗೆ ಕುಳಿತು ಮಾತಾಡಿದರು. ನನ್ನ ಲೋಟದಲ್ಲೇ ನೀರು ಕುಡಿದರು. ಬೇಕೆಂದೇ ಕುಡಿದದ್ದು, ಅತ್ತೆ ನೋಡಲಿ ಎಂದು. ಐಶುವಿನ ಮೈ ಪೂರ್ತಿ ನೋಡಿದರು. ಎಲ್ಲಿಯೂ ಮಚ್ಚೆ ಇಲ್ಲ. ಯಜಮಾನರೂ ಅಂಗಿ ಬಿಚ್ಚಿ ತೋರಿಸಿದರು. ಏನೂ ಇಲ್ಲ.

"ಅಮ್ಮಾ, ನೀವೂ ಬರ್ರಿ. ನಿಮ್ಮದೊಂದು ನೋಡಿಬಿಡ್ತೀನಿ."

"ನನಗ್ಯಾಕ?" ಎಂದು ಅತ್ತೆ ಸೆರಗು ಎಳೆದುಕೊಂಡರು. "ನನಗೇನಾಗೈತಿ? ರೋಗ ತಂದಾಕಿ ಆಕಿ. ತವರುಮನಿಯಿಂದ ತಂದಾಳ." ಎದ್ದು ಹಿತ್ತಲಿಗೆ ಹೋದವರು ಸುಕನ್ಯಾ ಹೋಗುವವರೆಗೂ ಬರಲಿಲ್ಲ.

ನನಗೆ ಅಳು ಬರಲಿಲ್ಲ. ಹತ್ತಿಯನ್ನು ಎಲ್ಲಿಗೆ ಮುಟ್ಟಿಸಿದರೆ ಅಳು ಬರುತ್ತದೋ.

ಜನವರಿ 8, ಗುರುವಾರ

ನಾಳೆ ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಐಶುವಿನ ಮೈ ಇನ್ನೊಮ್ಮೆ ತೋರಿಸಬೇಕು. ಸುಕನ್ಯಾಗೆ ಫೋನ್ ಮಾಡಿ ಹೇಳಿದ್ದೇನೆ. ಯಜಮಾನರಿಗೆ ಇನ್ನೂ ಹೇಳಿಲ್ಲ.

ಮಧ್ಯಾಹ್ನ ಅವರು ಹೋಟೆಲಿನಲ್ಲಿದ್ದರು. ಐಶು ಅಂಗಳದಲ್ಲಿ ಕುಳಿತು ಪಾಠ ಒದರುತ್ತಿದ್ದಳು. ಅತ್ತೆ ನನ್ನ ಕೋಣೆಗೆ ಬಂದು ಚಿಲಕ ಹಾಕಿದರು. ಬೈಯಲು ಬಂದರು ಎಂದುಕೊಂಡು ಎದ್ದು ನಿಂತೆ.

"ಡಾಕ್ಟ್ರು ನಿನ್ನ ಹೆಂಗ ನೋಡಿದ್ರು?"

"ಕಣ್ಣು ಮುಚ್ಚು ಅಂದ್ರು ರೀ. ಹತ್ತಿಲೇ ಮುಟ್ಟಿ, ಎಲ್ಲಿ ಮುಟ್ಟೀನಿ ಹೇಳು ಅಂದ್ರು."

ಅತ್ತೆ ಗೋಡೆಯ ಕಡೆ ಮುಖ ಮಾಡಿ ಕುಳಿತು, ಸೆರಗು ತೆಗೆದು, ಕುಪ್ಪಸ ಬಿಚ್ಚಿ ಇಳಿಸಿದರು. ಬೆನ್ನಿನ ಮೇಲೆ ತಾಮ್ರದ ಬಣ್ಣದ ಮಚ್ಚೆ, ಅಂಗೈ ಅಗಲದ್ದು. ಸುತ್ತ ಅಂಚು ಉಬ್ಬಿತ್ತು. ಕೆಳಗೆ ಸೊಂಟದವರೆಗೆ ಇನ್ನೂ ಕೆಲವು ಇದ್ದವು.

"ನಿಮ್ಮ ಮಾವ ಇದ್ದಾಗಿಂದ ಐತಿ," ಎಂದರು ಗೋಡೆಗೆ ಹೇಳುವ ಹಾಗೆ. "ಹುಳಕಡ್ಡಿ ಅಂದ್ಕೊಂಡಿದ್ದೆ. ಕೆರೀಲಿಲ್ಲ, ಉರೀಲಿಲ್ಲ. ಬೆನ್ನಾಗ ಇರೋದು ಯಾರಿಗೆ ಕಾಣ್ತೈತಿ ಅಂತ ಸುಮ್ನಾದೆ."

ಈ ಬೆನ್ನಿಗೆ ಅಂಟಿಕೊಂಡೇ ಐಶು ಇಷ್ಟು ದಿನ ಮಲಗಿದ್ದು. ನನ್ನಿಂದ ಕಾಪಾಡಲೆಂದು ಅವರು ಅವಳನ್ನು ಕರೆದೊಯ್ದು ಮಲಗಿಸಿಕೊಂಡಿದ್ದು.

"ನೋಡು, ನೋಡಿ ಹೇಳು. ನನಗ ಗೊತ್ತಾಗ್ತೈತೋ ಇಲ್ಲೋ ನೋಡು."

"ಹತ್ತಿ ಇಲ್ರಿ ಅತ್ತಿ."

"ಕೈಲೇ ಮುಟ್ಟು."

ಇಷ್ಟು ದಿನ ನಾನು ಮುಟ್ಟಿದ್ದನ್ನೆಲ್ಲ ತೊಳೆಯುತ್ತಿದ್ದವರು. ಈಗ ಎರಡೂ ಕೈಯಿಂದ ಮೊಣಕಾಲು ತಬ್ಬಿ, ಕಣ್ಣು ಬಿಗಿಯಾಗಿ ಮುಚ್ಚಿ ಕಾಯುತ್ತಿದ್ದರು.

ಬಲಗೈ ಬೆರಳುಗಳನ್ನು ಆ ಮಚ್ಚೆಯ ಮೇಲೆ ಇಟ್ಟೆ. ತಾಗಿದ್ದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಇನ್ನಷ್ಟು ಒತ್ತಿದೆ. ಉಗುರಿನ ಗುರುತು ಬೀಳುವಷ್ಟು ಒತ್ತಿದೆ.

"ಯಾಕ ಸುಮ್ನ ನಿಂತಿ? ಮುಟ್ಟವಾ," ಎಂದರು ಅತ್ತೆ.

"ಮುಟ್ಟೀನ್ರಿ ಅತ್ತಿ," ಎಂದೆ.